ಬಾಡಿಗೆ ಉಸಿರು

ನನ್ನ ಗೊರಕೆ ಮನೆಯೊಳಗಿನ ತಮಾಷೆ,
ಸರ್ವಮಂಗಳೆಗೂ ನನಗೂ ಮಾತ್ರ ಗೊತ್ತಿದ್ದದ್ದು,
ಟೊಲೀಡೊ ಊರಿನ ಡಾಕ್ಟರು ಅದಕ್ಕೊಂದು ಹೆಸರಿಟ್ಟು
ಹಾಸಿಗೆ ಪಕ್ಕ ಯಂತ್ರ ಕೂರಿಸುವ ತನಕ.

ಅಕ್ಕಿ ಅಳೆಯುವ ಸೇರಿನಷ್ಟು ಗಾತ್ರ,
ಸೊಂಡಿಲಿನಂಥ ಕೊಳವೆ, ತುದಿಗೊಂದು ಮಾಸ್ಕು,
ಬೆನ್ನಲ್ಲಿ ಉಗುರಿಗಿಂತ ಕಿರಿದಾದ ಚಿಪ್.
ರಾತ್ರಿಯಿಡೀ ನನಗೆ ಗಾಳಿ ಊದಿ
ಬೆಳಗಿನ ಜಾವ ಯಾವುದೋ ಆಫೀಸಿಗೆ ವರದಿ ಒಪ್ಪಿಸುತ್ತದೆ:
ಉಸಿರು ಎಷ್ಟು ಸಲ ನಿಂತಿತು,
ಎಷ್ಟು ಹೊತ್ತಿಗೆ ಎದ್ದು ಬಚ್ಚಲಿಗೆ ಹೋದ.

ರಾತ್ರಿಗೆ ನಾಲ್ಕು ಗಂಟೆ ಕಡ್ಡಾಯ.
ಇಲ್ಲದಿದ್ದರೆ ವಿಮೆಯವರು ದುಡ್ಡು ಬಿಚ್ಚರು,
ದುಡ್ಡಿಲ್ಲದಿದ್ದರೆ ಯಂತ್ರ ವಾಪಸು,
ಯಂತ್ರವಿಲ್ಲದಿದ್ದರೆ ಲೈಸೆನ್ಸಿಗೆ ಸಹಿ ಬೀಳದು,
ಸಹಿಯಿಲ್ಲದಿದ್ದರೆ ನಲವತ್ತೊಂದನೇ ನಂಬರಿನ ಹಳದಿ ಬಸ್ಸು
ಬೇರೆ ಯಾರದೋ ಕೈಯಲ್ಲಿ ಆ ಮಕ್ಕಳ ಮನೆಮುಂದೆ ನಿಲ್ಲುತ್ತದೆ.

ಡಿಪೋದಲ್ಲಿ ಡೊಲೊರೆಸ್ ನೊವಾಕ್,
ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವಳು, ಹೇಳಿದಳು:
ನಮ್ಮಣ್ಣ ಮಾಸ್ಕನ್ನು ನಾಯಿಗೆ ಕಟ್ಟಿದ್ದ.
ನಾಯಿ ನಿಯತ್ತಿನದು. ನಾಲ್ಕು ಗಂಟೆ ಮಲಗಿತು.
ಕಂಪನಿಯಿಂದ ಅಭಿನಂದನೆ ಬಂತು.
ನಕ್ಕೆವು. ಗಾಜಿನ ಹಿಮ ಕೆರೆಯಲು ಎದ್ದೆವು.

ಒಮ್ಮೆ ಫೋನು ಮಾಡಿ ಕೇಳಿದೆ, ಈ ಯಂತ್ರ ಯಾರದ್ದು?
ಹದಿಮೂರು ತಿಂಗಳ ಬಾಡಿಗೆ ತೀರಿದರೆ ನಿಮ್ಮದೇ ಸಾರ್.
ಮತ್ತೆ ಅದು ಬರೆದಿಟ್ಟದ್ದು?
ಒಂದು ನಿಮಿಷ ಅಂದು ಸಂಗೀತ ಹಚ್ಚಿ ಹೋದವಳು
ಮರಳಲಿಲ್ಲ.

ನಮ್ಮ ಮಾತಿನಲ್ಲಿ ಉಸಿರುವುದೆಂದರೆ ಹೇಳುವುದು.
ಯಾರಿಗೂ ಉಸಿರಬೇಡ ಮಾರಾಯ, ಎಂದು
ಎಷ್ಟು ಜನ ಎಷ್ಟೊಂದನ್ನು ನನ್ನ ಬಳಿ ಇಟ್ಟು ಹೋಗಿದ್ದಾರೆ:
ಅತ್ತಿಗೆ ಕದ್ದು ಕಟ್ಟುತ್ತಿದ್ದ ಚೀಟಿ,
ಗೆಳೆಯ ಎರಡನೇ ಸಲವೂ ಫೇಲಾದದ್ದು.
ಒಂದನ್ನೂ ಬಿಟ್ಟುಕೊಟ್ಟವನಲ್ಲ.
ಈಗ ನೋಡಿದರೆ
ಉಸಿರೇ ಉಸಿರಿಬಿಡುತ್ತದೆ.

ಫೆಬ್ರವರಿಯ ಒಂದು ರಾತ್ರಿ. ಈರಿ ಸರೋವರದ ಗಾಳಿ
ಕಿಟಕಿಯನ್ನೇ ಕಿತ್ತೊಯ್ಯುವಂತಿತ್ತು. ನಾಳೆ ಶಾಲೆಯಿಲ್ಲ.
ಮಾಸ್ಕು ತೊಟ್ಟು ಒಂದು ಗಂಟೆ ಹನ್ನೆರಡು ನಿಮಿಷ ಆಗಿತ್ತು,
ಕತ್ತಲಲ್ಲಿ ಮಂಗಳಾ ಅಂದಳು:
ಅದನ್ನೊಂಚೂರು ತೆಗೀತೀರಾ, ಒಂದು ಮಾತಿದೆ.

ತೆಗೆದೆ.
ಒಂದು ಮಾತಲ್ಲ ಅದು. ಹತ್ತೊಂಬತ್ತು ವರ್ಷದಿಂದ
ಪಾತ್ರೆಯ ತಳದಲ್ಲಿ ಸೀದು ಅಂಟಿಕೊಂಡಿದ್ದದ್ದು.
ಅವಳು ಕೆರೆದಳು, ನಾನೂ ಕೆರೆದೆ.
ಎರಡು ಸಲ ಚಹಾ, ಒಂದು ಸಲ ಜಗಳ,
ಆಮೇಲೆ ಯಾವುದಕ್ಕೋ ತಡೆಯಲಾಗದ ನಗು.
ಸೊಂಡಿಲು ನೆಲಕ್ಕೆ ಜಾರಿ
ಕುಡಿಯುವವರಿಲ್ಲದ ಗಾಳಿಯನ್ನು ಸ್ವಲ್ಪ ಹೊತ್ತು ಊದಿ
ತಾನೇ ಸುಮ್ಮನಾಯಿತು.
ಬೆಳಕು ಹರಿದಾಗ ಬೀದಿಯ ಹಿಮದ ಮೇಲೆ
ಒಂದು ಹೆಜ್ಜೆಯೂ ಬಿದ್ದಿರಲಿಲ್ಲ.

ಏಳೂಕಾಲಿಗೆ ಫೋನು ಮಿಣುಕಿತು, ಒಂದು ಕೆಂಪು ಮುಖ:
ಕಳೆದ ರಾತ್ರಿ ಚೆನ್ನಾಗಿ ಆಗಲಿಲ್ಲ.
ಇವತ್ತು ಇನ್ನೂ ಚೆನ್ನಾಗಿ ಮಾಡಬಲ್ಲಿರಿ!
ಮಂಗಳಾ ಗಟ್ಟಿಯಾಗಿ ಓದಿದಳು. ಇನ್ನೊಮ್ಮೆ ಓದಿದಳು.

ಹದಿಮೂರು ತಿಂಗಳು ತೀರಿತು. ಇದು ನಿಮ್ಮ ಸ್ವತ್ತು, ಎಂಬ ಕಾಗದ ಬಂತು.
ಮೆನುವಿನ ಮೂರನೇ ಪುಟದಲ್ಲೊಂದು ವಿಮಾನದ ಗುರುತಿದೆ,
ಒತ್ತಿದರೆ ಅದರ ಬಾಯಿ ಕಟ್ಟುತ್ತದೆ.
ಆದರೆ ಲೈಸೆನ್ಸಿಗೆ ವರ್ಷವರ್ಷವೂ ಪಟ್ಟಿ ಬೇಕು.
ಶನಿವಾರ ಮಾತ್ರ ಒತ್ತುತ್ತೇನೆ.
ಹಾರುವುದು ಎಲ್ಲಿಗೆ, ಅದೇ ಹಾಸಿಗೆ, ಅದೇ ಗೊರಕೆ.

ಆ ರಾತ್ರಿ ಅವಳು ಏನಂದಳು ಅಂತೀರಾ?
ಬಳಕೆ: ಒಂದು ಗಂಟೆ ಹನ್ನೆರಡು ನಿಮಿಷ.
ಅವರ ಹತ್ತಿರ ಇರುವುದು ಅಷ್ಟೇ.
ನಿಮ್ಮ ಹತ್ತಿರವೂ
ಅಷ್ಟೇ ಇರಲಿ.