ಏಳನೇ ಮೊಳೆ

ತಲೆ ಬಗ್ಗಿಸಿ ಬಾ, ಮಗ. ಬಾಗಿಲು ಗಿಡ್ಡ,
ಬೇಕಂತಲೇ ಗಿಡ್ಡ.
ಮೇಲ್ಪಟ್ಟಿಗೆ ಹಣೆ ಬಡಿಸಿಕೊಂಡವರ ಲೆಕ್ಕವನ್ನು
ಇಟ್ಟಿಗೆಗೂಡಿನಲ್ಲಿ ಯಾರೂ ಇಟ್ಟಿಲ್ಲ.
ಒಬ್ಬ ಅಮಲ್ದಾರ, ಇಬ್ಬರು ಕಾರ್ಪೊರೇಟರು,
ಅರವತ್ತೊಂಬತ್ತರ ಶ್ರಾವಣದಲ್ಲಿ ನಾನು.

"ಸೇರಿದರೆ ಏನು ಸಿಗುತ್ತೆ ತಾತ?" ಅಂದೆಯಲ್ಲ
ಹೊರಗೆ, ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತ.
ನಾನೂ ಕೇಳಿದ್ದೆ.
ಜವರಪ್ಪ ಉಸ್ತಾದರು ಉತ್ತರ ಕೊಡದೆ
ಗುದ್ದಲಿ ಕೊಟ್ಟರು.

ಮೂರು ತಿಂಗಳು ಬರೀ ಮಟ್ಟಿ ಅಗೆದೆ.
ಕೆಮ್ಮಣ್ಣು, ಅದಕ್ಕೆ ಮಜ್ಜಿಗೆ, ಎಳ್ಳೆಣ್ಣೆ,
ಅರಿಸಿನ, ಬೇವಿನೆಲೆ ಪುಡಿ, ಚೂರು ಕರ್ಪೂರ.
ಅಂಗೈಯ ಬೊಬ್ಬೆ ಒಡೆದು ಅದರ ನೀರೂ ಸೇರಿತು.
ಆಮೇಲೊಂದು ಬೆಳಿಗ್ಗೆ ಗೋಡೆ ತೋರಿಸಿ
"ಅಗೋ, ಏಳನೇದು ನಿಂದು" ಅಂದರು.

ಮೊಳೆ.
ಅಷ್ಟೇ. ತುಕ್ಕು ಹಿಡಿದದ್ದು, ತುಸು ಎಡಕ್ಕೆ ಬಾಗಿದ್ದು.
ಲಾಳ ಹೊಡೆಯುವ ಹಯಾತ್ ಸಾಹೇಬರು
ಮಂಡಿ ಹೋಯಿತೆಂದು ಬಿಟ್ಟುಕೊಟ್ಟದ್ದು,
ಅವರಿಗೂ ಮೊದಲು ಕುದುರೆ ಲಾಯದ
ಯಾರೋ ಪುಟ್ಟಮಾದನ ಅಂಗಿ ತೂಗಿದ್ದು.
ಅಂಗಿ ಕಳಚಿ ಅದಕ್ಕೆ ಸಿಕ್ಕಿಸಿದರೆ
ಜಾತಿ, ಸಂಬಳ, ಮಾವನ ಮನೆಯ ಮುನಿಸು
ಎಲ್ಲ ಅಲ್ಲೇ ನೇತಾಡುತ್ತಿತ್ತು.
ಸುಳ್ಳು ಯಾಕೆ, ಎಲ್ಲ ಅಲ್ಲ.
ನನ್ನ ಮೈ ಮುಟ್ಟಿ ಪಟ್ಟು ಹಿಡಿಯೊಲ್ಲೆ ಅಂದ ಒಬ್ಬ.
ಉಸ್ತಾದರು ಬೈಯಲಿಲ್ಲ. ಇಬ್ಬರಿಗೂ ಒಂದೇ ಹಗ್ಗ ಕೊಟ್ಟು
ತಿಂಗಳು ಪೂರ್ತಿ ಬಾವಿ ನೀರು ಸೇದಿಸಿದರು.
ಮುಂದೆ ನನ್ನ ಮಗಳ ಮದುವೆಗೆ
ಮಂಡ್ಯದಿಂದ ಒಂದು ಮೂಟೆ ಬೆಲ್ಲ
ಹೆಗಲ ಮೇಲೆ ಹೊತ್ತು ತಂದವನು ಅವನೇ.

ಪದಕ ಹುಡುಕಬೇಡ.
ನಾನು ಒಂದು ಕುಸ್ತಿಯನ್ನೂ ಗೆದ್ದಿಲ್ಲ,
ಒಂದೂ ಅಂದರೆ ಒಂದೂ.
ದಸರಾ ಕಣಕ್ಕೆ ಎರಡು ಸಲ ಇಳಿದೆ,
ಎರಡು ಸಲವೂ ಬೆನ್ನಿಗೆ ಮಣ್ಣು, ಕಣ್ಣಿಗೆ ಆಕಾಶ.
ಆಕಾಶ ಚೆನ್ನಾಗಿತ್ತು.
ಗೆದ್ದವನು ಅದನ್ನು ನೋಡಲೇ ಇಲ್ಲ.

ಸಿಕ್ಕಿದ್ದು ಈ ಕಿವಿ, ಒಣ ಅಂಜೂರದ ಹಾಗೆ.
ಹೊಸದರಲ್ಲಿ ನಿಂಗಾಜಮ್ಮ ನೋಡಿ ನಕ್ಕಳು,
ಆಮೇಲೆ ಹಿಡಿದು ಎಳೆದಳು.
ಎಂಬತ್ತಮೂರರಲ್ಲಿ ಅವಳಿಗೆ ಹೆರಿಗೆ ಕಷ್ಟವಾಗಿ
ರಕ್ತ ಬೇಕು ಅಂದರು, ರಾತ್ರಿ ಎರಡು ಗಂಟೆ.
ಒಬ್ಬನಿಗೆ ಹೇಳಿದೆ, ಒಬ್ಬನಿಗೇ.
ಬೆಳಕು ಹರಿಯುವ ಮೊದಲು
ಚೆಲುವಾಂಬ ಆಸ್ಪತ್ರೆಯ ಮೆಟ್ಟಿಲ ಮೇಲೆ
ಹನ್ನೊಂದು ಜೊತೆ ಜಜ್ಜಿದ ಕಿವಿಗಳು
ತೋಳು ಕಟ್ಟಿಕೊಂಡು ಸಾಲಾಗಿ ಕೂತಿದ್ದವು.
ನರ್ಸಮ್ಮ ಹೆದರಿ ಪೊಲೀಸಿಗೆ ಫೋನು ಮಾಡಿದಳು.
ಪೇದೆ ಬಂದ. ಅವನೂ ನಮ್ಮವನೇ.
ಟೋಪಿ ತೆಗೆದಿಟ್ಟು
ಹನ್ನೆರಡನೆಯ ತೋಳು ಚಾಚಿದ.

ಹಯಾತ್ ಸಾಹೇಬರು ಹೋದಾಗ
ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಹಾಕಿದರು.
ನಮ್ಮ ಹಿಡಿ ಮಾತ್ರ ಕೆಂಪಗಿತ್ತು,
ಅರಿಸಿನ ಕರ್ಪೂರ ನಾರುತ್ತಿತ್ತು,
ಟವಲಿನಲ್ಲಿ ಗಂಟು ಕಟ್ಟಿ ತಂದದ್ದು.
ಅವರ ಮಗ ನೋಡಿದ.
ಏನೂ ಅನ್ನಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.
ಆ ಸಂಜೆ ಏಳನೇ ಮೊಳೆಗೆ ಅಂಗಿ ಹಾಕದೆ
ತೋಳಿನ ಮೇಲೆ ಹೊತ್ತುಕೊಂಡೇ ಸಾಮು ನೋಡುತ್ತ ಕೂತೆ.

ಈಗ ಕೈ ಎತ್ತಿದರೆ ಭುಜ ಕಿರ್ರೆನ್ನುತ್ತದೆ.
ಅಂಗಿ ನೇತುಹಾಕಲು ತುದಿಗಾಲು ಬೇಕು.
ನಿನಗೆ ಸಲೀಸಾಗಿ ಎಟುಕುತ್ತದೆ, ನೋಡಿದೆ ಆಗಲೇ.
ಇವತ್ತೇ ಕೊಡುವುದಿಲ್ಲ ಮತ್ತೆ.

ಗುದ್ದಲಿ ಆ ಮೂಲೆಯಲ್ಲಿದೆ.
ಕಾವು ಸಡಿಲ,
ಮೊದಲು ನೀರಲ್ಲಿ ನೆನೆಹಾಕು.