ಕೊನೆಯ ಸೀಟಿನ ಹಿಂದಿನ ಗುಂಡಿ

ಮೂರೂವರೆಗೆ ಏಳುತ್ತೇನೆ, ಬಸ್ಸು ಬರುವುದು ಐದಕ್ಕೆ.
ನಡುವಿನ ಒಂದೂವರೆ ತಾಸು ಬೆರಳುಗಳ ಪಾಲು.
ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ ಕೂತರೆ
ಒಂದೊಂದಾಗಿ ಏಳುತ್ತವೆ, ಗೊಣಗುತ್ತ;
ಬಲಗೈಯ ಹೆಬ್ಬೆರಳು ಎಲ್ಲಕ್ಕಿಂತ ಮೈಗಳ್ಳ.
ಲೈಟು ಹಾಕಬೇಡ ಎನ್ನುತ್ತಾರೆ ರೂಮಿನ ಉಳಿದ ಮೂವರು,
ಕತ್ತಲಲ್ಲೇ ಹುಕ್ಕು ಸಿಕ್ಕಿಸಲು ಕಲಿತಿದ್ದೇನೆ.
ಆಗದ ದಿನ ಮೇಲೊಂದು ಶಾಲು.

ಶಾರ್ಜಾದ ಮುವೈಲಾ, ಶಾಲೆಯ ಏಳನೇ ನಂಬರಿನ ಬಸ್ಸು.
ನಾನು ಅದರ ಆಯಾ. ಮಕ್ಕಳಿಗೆ ಸೆವ್ರಿನ್ ಆಂಟಿ,
ಡ್ರೈವರ್ ಗುಲ್ ಜಮಾನನಿಗೆ ಬರೀ ಬಹೆನ್.
ನಲವತ್ತೊಂದು ಮಕ್ಕಳು, ನಲವತ್ತೊಂದು ಬೆಲ್ಟಿನ ಕೊಂಡಿ,
ಒಂದೊಂದೂ ಹಲ್ಲು ಮಸೆಯುವುದು ನನ್ನ ಹೆಬ್ಬೆರಳ ಮೇಲೆ.
ನೀರು ಕುಡಿಯಬೇಕೆಂದರೆ ಮಾತ್ರ
ಎರಡನೇ ಕ್ಲಾಸಿನ ತಸ್ನೀಮ್ ನನ್ನ ಬಾಟಲಿಯ ಮುಚ್ಚಳ ತಿರುಗಿಸಿ ಕೊಡುತ್ತಾಳೆ,
ಏನೂ ಕೇಳದೆ.

ಆಮೇಲೆ ಅದು ಬರುತ್ತದೆ.
ನಿದ್ದೆ ಅನ್ನಲಾರೆ. ನಿದ್ದೆಯ ಪರಿಚಯ ನನಗಿದೆ,
ಕಾಲು ತೊಳೆದುಕೊಂಡು, ಬಾಗಿಲು ತಟ್ಟಿ ಬರುತ್ತಿತ್ತು ಊರಲ್ಲಿ.
ಇದು ಕಲಸಿದ ಸಿಮೆಂಟು.
ಪಾದದಿಂದ ತುಂಬುತ್ತ ಸೊಂಟ, ಎದೆ, ರೆಪ್ಪೆ,
ಸಿಗ್ನಲ್ಲು ಹಸಿರಾಗುವಷ್ಟರಲ್ಲಿ ಗಟ್ಟಿ.

ರೋಲಾದ ಕ್ಲಿನಿಕ್ಕಿನ ಡಾಕ್ಟರಮ್ಮ ಹೇಳಿದರು:
ಒಳಗೆ ಸಣ್ಣಗೆ ಉರಿಯುತ್ತಲೇ ಇದೆ ಸೆವ್ರಿನ್,
ನಿನ್ನ ಕಾವಲುಗಾರರೇ ನಿನ್ನ ಮನೆಗೆ ಹಚ್ಚಿದ ಬೆಂಕಿ.
ನೀನು ಕೂತಲ್ಲೇ ಕೂತರೂ ಮೈ ದುಡಿಯುತ್ತಿರುತ್ತದೆ.
ನಗು ಬಂತು. ಒಳಗೊಂದು ನೌಕರಿ, ಹೊರಗೊಂದು ನೌಕರಿ,
ವೀಸಾ ಮಾತ್ರ ಒಂದೇ.

ಗುರುವಾರ ರಾತ್ರಿ ಹಳದಿ ಮಾತ್ರೆ.
ಶುಕ್ರವಾರ ಇಗರ್ಜಿಗೆ ಹೋಗುವುದಿಲ್ಲ, ಗೋಡೆಗೆ ಮುಖ.
ಚಿಂತೆಯಿಲ್ಲದವರಿಗೆ ಸಂತೆಯಲ್ಲೂ ನಿದ್ದೆ,
ನಿನಗೇನು, ಏಸಿ ಬಸ್ಸು, ಎನ್ನುತ್ತಾಳೆ ಫೋನಿನಲ್ಲಿ ಅತ್ತಿಗೆ.
ಚಿಂತೆಗಳಿವೆ ಮಾರಾಯ್ತಿ, ಪಟ್ಟಿಯೇ ಇದೆ,
ಎಣಿಸಲು ಕೂತರೆ ಎರಡನೆಯದಕ್ಕೇ ತೂಕಡಿಕೆ.

ಬಸ್ಸಿನ ಕಟ್ಟಳೆ ಹೀಗೆ:
ಮಕ್ಕಳಿಳಿದ ಮೇಲೆ ಕೊನೆಯ ಸೀಟಿನವರೆಗೆ ನಡೆಯಬೇಕು,
ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಬೇಕು,
ಆಮೇಲೆ ಹಿಂದಿನ ಗುಂಡಿ ಒತ್ತಬೇಕು. ಒತ್ತದಿದ್ದರೆ ಸೈರನ್ನು.
ಯಾವ ಮಗುವೂ ನಿದ್ದೆಹೋಗಿ ಒಳಗೆ ಉಳಿಯಬಾರದು.
ಮುಚ್ಚಿದ ಬಸ್ಸು, ಈ ಊರಿನ ಬಿಸಿಲು...
ತರಬೇತಿಯಲ್ಲಿ ಅದನ್ನು ಹೇಳಿದ ದಿನ ನಾನು ತೂಕಡಿಸಿರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ
ಬಗ್ಗಿದೆ, ನೋಡಿದೆ. ಒಂದು ರಬ್ಬರು, ಒಂದು ಕಾಲುಚೀಲ, ಅರ್ಧ ಬಾಳೆಹಣ್ಣು.
ಗುಂಡಿ ಒತ್ತಿದೆ; ಹೆಬ್ಬೆರಳು ಒಪ್ಪಲಿಲ್ಲ, ಮೊಣಕೈಯಿಂದ.
ಮಂಡಿ ಒಂದು ನಿಮಿಷ ಕೇಳಿತು.
ಕೊನೆಯ ಸೀಟಿನಲ್ಲಿ ಕೊಟ್ಟೆ.

ಹಸಿರು ದೀಪ ಕಂಡು ಗುಲ್ ಜಮಾನ್ ಬೀಗ ಹಾಕಿ
ಚಹಾಕ್ಕೆ ಹೋದ. ಅವನದೇನೂ ತಪ್ಪಿಲ್ಲ,
ಯಂತ್ರದ ಪ್ರಕಾರ ಬಸ್ಸು ಖಾಲಿ.
ಹೊರಗೆ ಆಗಲೇ ಮೂವತ್ತೆಂಟು.

ಗೇಟಿನ ಹತ್ತಿರ ತಸ್ನೀಮ್ ಕ್ಲಾಸಿಗೆ ಹೋಗದೆ ನಿಂತಿದ್ದಳಂತೆ,
ಆಂಟಿ ಇನ್ನೂ ಇಳಿದು ಕೈ ಬೀಸಿಲ್ಲ ಎಂದು.
ವಾಚ್‌ಮನ್ ಹಾಳೆ ನೋಡಿ ಹೇಳಿದ: ನಲವತ್ತೊಂದು, ಸರಿ ಇದೆ.
ಅವಳು ಅಂದಳಂತೆ: ನಲವತ್ತೆರಡು.

ಕಣ್ಣು ಬಿಟ್ಟಾಗ ಗುಲ್ ಜಮಾನ್ ನನ್ನ ತಲೆಗೆ ನೀರು ಹೊಯ್ಯುತ್ತಿದ್ದ,
ಬೈಯುತ್ತಿದ್ದ ಪಶ್ತೋದಲ್ಲಿ, ಅಳುತ್ತಿದ್ದ ಅಂತ ನನ್ನ ಲೆಕ್ಕ;
ಇಲ್ಲವೆನ್ನುತ್ತಾನೆ. ಆಫೀಸಿಗೆ ಹೇಳಲಿಲ್ಲ.
ಈಗ ನಾನು ಗುಂಡಿ ಒತ್ತಿದ ಮೇಲೂ
ಒಮ್ಮೆ ಹಿಂದಕ್ಕೆ ಬಂದು ಸೀಟುಗಳ ಕೆಳಗೆ ಬಗ್ಗುತ್ತಾನೆ,
ನಾನು ಮುಂದೆಯೇ ನಿಂತಿದ್ದರೂ.

ಮೆಟ್ಟಿಲ ಬಳಿ ತಸ್ನೀಮ್ ಕೇಳುತ್ತಾಳೆ, ದಿನಾ:
ಆಂಟಿ, ಎಚ್ಚರ ಇದ್ದೀಯಾ?
ಇದ್ದೇನೆ ಎನ್ನುತ್ತೇನೆ.
ಎಷ್ಟು ಅಂತ ಅವಳು ಕೇಳುವುದಿಲ್ಲ.