ಮೂರನೇ ಗೇರಿನ ಹಲ್ಲು

ನಾಲ್ಕನೇ ಸಲ ಹೋದಾಗ ಗುನ್‌ವೊರ್ ಬೈಯಲಿಲ್ಲ.
ಬೆಂಚಿನ ಮೇಲೆ ಹಳೆಯ ಪೇಪರು ಹಾಸಿ
"ಸುರಿ" ಅಂದಳು.
ಕಾಫಿ ಡಬ್ಬಿಯಿಂದ ಉರುಳಿದವು
ಮೂರನೇ ಗೇರಿನ ಹನ್ನೊಂದು ಹಲ್ಲು,
ಎಣ್ಣೆಯಲ್ಲಿ ಮಿಂದು, ಬುಡಸಮೇತ ಕಿತ್ತು ಬಂದವು.

ಲಿಕ್‌ಸೆಲೆಯಲ್ಲಿ ಜೂನ್. ರಾತ್ರಿ ಹನ್ನೊಂದೂವರೆ.
ಸೂರ್ಯ ಹೋಗಿದ್ದ, ಬೆಳಕು ಮಾತ್ರ
ಸಾಲ ಕೇಳಲು ಬಂದವರಂತೆ ಬಾಗಿಲಲ್ಲೇ ನಿಂತಿತ್ತು.
ಸೊಳ್ಳೆ.
ಹೊರಗೆ ನನ್ನ ವೋಲ್ವೋ,
ಅಪ್ಪ ಸೌದೆ ಹೇರುತ್ತಿದ್ದ ಚೌಕ ಡಬ್ಬಿ.
ಅವನ ಕಾಲಕ್ಕೆ ನೂರ ಹದಿನೈದು ಕುದುರೆ,
ನನ್ನ ಕಾಲಕ್ಕೆ ಐನೂರ ನಲವತ್ತು.
ಲಾಯ ಮಾತ್ರ ಅದೇ.
ಅಪ್ಪನಿಗೆ ಹಲ್ಲಿತ್ತು, ಕಡಲೆ ಇರಲಿಲ್ಲ.
ನನಗೆ ಕಡಲೆಯೋ ಕಡಲೆ.

"ಕುದುರೆ ಲೆಕ್ಕ ಬಿಡು. ಹಲ್ಲು ಮುರಿಯೋದು ಟಾರ್ಕು.
ಅದಕ್ಕೂ ಮೊದಲು ನಿನ್ನ ಎಡಗಾಲು.
ಎರಡರಿಂದ ಮೂರಕ್ಕೆ ಹೋಗುವಾಗ ಕ್ಲಚ್ಚಿಂದ ಅದನ್ನ
ಕೆಂಡ ತುಳಿದವನ ಹಾಗೆ ಕೀಳ್ತೀಯ."

ಒಂದು ಹಲ್ಲನ್ನು ಭೂತಗನ್ನಡಿಯಡಿ ಹಿಡಿದಳು.
ಮುರಿದ ಮೈಮೇಲೆ
ಹೊಳೆ ಇಳಿದ ಮರಳಲ್ಲಿ ಉಳಿಯುತ್ತವಲ್ಲ,
ಅಂಥ ಗೆರೆಗಳು, ಒಂದರ ಹಿಂದೊಂದು.
"ಇದು ಹೋದ ಆಗಸ್ಟು.
ಇದು ಆ ಹುಡುಗಿ ನೋಡ್ತಿದ್ದಾಳೆ ಅಂತ ಮೆರೆದದ್ದು.
ಇದು ಯಾಕೋ ಗೊತ್ತಿಲ್ಲ, ನಿನಗೇ ಗೊತ್ತು.
ಕೊನೆಗೆ ಈ ಒರಟು ಜಾಗ ಇದೆಯಲ್ಲ,
ಇದೊಂದೇ ನಿನಗೆ ಕೇಳಿಸಿದ್ದು."

ಹಲ್ಲು ಕಚ್ಚಿ ಸಹಿಸು ಅನ್ನುತ್ತಾರೆ.
ಕಚ್ಚಿದ್ದೂ ಸಹಿಸಿದ್ದೂ ಇಲ್ಲಿ ಹಲ್ಲೇ.

ತಪ್ಪು ಅದರದ್ದಲ್ಲವಂತೆ.
ಬಲ ಬಂದಾಗ ಅಲ್ಯೂಮಿನಿಯಂ ಮೈ ಉಬ್ಬುತ್ತದೆ,
ಒಳಗಿನ ಎರಡು ದಂಡ ಒಂದನ್ನೊಂದು ದೂಡಿ
ಕೂದಲೆಳೆಯಷ್ಟು ದೂರವಾಗುತ್ತವೆ,
ಆಗ ಅಂಗೈಯಗಲ ಹೊರಬೇಕಾದ್ದನ್ನು
ಉಗುರಂಚು ಹೊರುತ್ತದೆ.

ನಾನು ಫಿನ್ಲೆಂಡಿನ ಗೇರ್‌ಬಾಕ್ಸಿನ ಮಾತೆತ್ತಿದೆ.
ನೇರ ಹಲ್ಲು, ಉಕ್ಕಿನ ಕವಚ,
ಮರ ಕೊಯ್ಯುವ ಮಿಲ್ಲಿನ ನಾಲ್ಕು ತಿಂಗಳ ಸಂಬಳ.

"ಹಾಕೋಣ," ಅಂದಳು. "ಮೊದಲು ಇದನ್ನ ಹೇಳು,
ಎಲ್ಲಿ ಮುರಿದರೆ ನಿನಗೆ ಒಪ್ಪಿಗೆ?"
ನಗೆಚಾಟಿಕೆ ಅಂದುಕೊಂಡೆ.
"ಇದು ಗಟ್ಟಿಯಾದರೆ ಹಿಂದಿನ ಶಾಫ್ಟು ಹೋಗತ್ತೆ.
ಅದನ್ನೂ ಗಟ್ಟಿ ಮಾಡಿದೆಯೋ, ಡಿಫರೆನ್ಷಿಯಲ್.
ಅದೂ ಆಯ್ತಾ, ಆಕ್ಸಲ್ಲು ತುಂಡಾಗಿ
ಚಕ್ರ ನಿನಗಿಂತ ಮುಂಚೆ ಗೆರೆ ದಾಟತ್ತೆ.
ಬಲ ಸಾಯೋದಿಲ್ಲ, ಯೆರ್ಕೆರ್,
ಪಕ್ಕದ ಮನೆ ಬಾಗಿಲು ಬಡಿಯತ್ತೆ."

ಅವಳ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ.
ಗಣಿಯ ಕಾಲದ್ದು ಅಂತ ಊರು ಹೇಳುತ್ತದೆ.
ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಐದು ವಾರ ತೆಗೆದುಕೊಂಡಳು.
ಅಗಲ ಹಲ್ಲಿನ ಮೂರನೇ ಗೇರು,
ದಂಡಗಳ ನಡುವೆ ಉಕ್ಕಿನ ಹಲಗೆ,
ದಪ್ಪ ಎಣ್ಣೆ.
ಕ್ಲಚ್ಚನ್ನು ಮಾತ್ರ ಬೇಕೆಂದೇ
ಒಂದಿಷ್ಟು ಮೆತ್ತಗೆ ಬಿಟ್ಟಳು.
"ಮನೆ ಅಂದಮೇಲೆ ಯಾರಾದರೂ ಒಬ್ಬರು ಜಾರಬೇಕು."

ಆಗಸ್ಟಿನ ಹಳೆ ಏರ್‌ಫೀಲ್ಡು. ಹಸಿರು ದೀಪ.
ಎರಡು. ಮೂರಕ್ಕೆ ತಳ್ಳಿದೆ.
ಕ್ಲಚ್ಚು ಒಂದು ಉಸಿರು ಜಾರಿತು,
ಕೂದಲು ಸುಟ್ಟ ವಾಸನೆ,
ಆ ಒಂದುಸಿರಲ್ಲಿ ಪಕ್ಕದ ಬಿಎಂಡಬ್ಲ್ಯೂ
ತನ್ನ ಇಡೀ ಬೆನ್ನು ತೋರಿಸಿತು.
ಓಡಿಸುತ್ತಿದ್ದವನಿಗೆ ಮೀಸೆಯೂ ಬಂದಿರಲಿಲ್ಲ.

ಸೋತೆ. ಗುನ್‌ವೊರ್‌ಗೆ ಫೋನು ಮಾಡಿ ಕೂಗಾಡಿದೆ.
"ಹೇಗೆ ಬರ್ತೀಯ ಮನೆಗೆ?" ಕೇಳಿದಳು.
"ಹೇಗೆ ಅಂದರೆ? ಕಾರಲ್ಲಿ."
"ಹ್ಞೂಂ," ಅಂದು ಇಟ್ಟುಬಿಟ್ಟಳು.

ನೂರ ನಲವತ್ತು ಕಿಲೋಮೀಟರು, ಎರಡೂ ಕಡೆ ಪೈನ್ ಮರ,
ಒಂದು ಕಡವೆಯಂಥ ಎಲ್ಕ್ ರಸ್ತೆ ದಾಟುವತನಕ ಕಾದು
ಮತ್ತೆ ಮೂರನೇ ಗೇರು.
ಗೇರ್‌ಬಾಕ್ಸು ಸಣ್ಣಗೆ ರಾಗ ಎಳೆಯುತ್ತಿತ್ತು.
ಸೀಟಿನ ಕೆಳಗೆ ಖಾಲಿ ಕಾಫಿ ಡಬ್ಬಿ
ತಿರುವಿಗೊಮ್ಮೆ ಆ ಕಡೆ, ತಿರುವಿಗೊಮ್ಮೆ ಈ ಕಡೆ.